ಕೌದಿಯ ತೇಪೆ, ಕಾಳಿಯ ಮಳೆ

ಮಳೆಗಾಲದಲ್ಲಿ ಹವಾಮಾನದ ವಾರ್ತೆಯನ್ನು ಮನಗೊಟ್ಟು ಕೇಳುವ ನಮ್ಮ ಕಡೆಯ ಜನರಿಗೆ ಪ್ರತಿವರ್ಷವೂ ಒಂದು ವಿನೋದ ತಪ್ಪದೆ ದೊರೆಯುತ್ತದೆ. ಕರಾವಳಿ ಕರ್ನಾಟಕದಲ್ಲಿ ವ್ಯಾಪಕವಾಗಿ ಮಳೆಯಾಗುವ ಸಂಭವವಿದೆ ಎಂದು ಸೂಚನೆ ಬರುತ್ತದೆ. ಹವಾಮಾನ ಇಲಾಖೆಯ ವಿಭಾಗಕ್ರಮದಲ್ಲಿ ಉತ್ತರ ಕನ್ನಡ ಜಿಲ್ಲೆ ಪೂರ್ತಿಯಾಗಿ ಕರಾವಳಿಗೆ ಸೇರಿದೆ. ಆದ್ದರಿಂದ ಕಾರವಾರ, ಕುಮಟೆಗಳೊಡನೆ ಘಟ್ಟದ ಮೇಲಿನ ಹಳಿಯಾಳವೂ ಕರಾವಳಿ, ಮುಂಡಗೋಡವೂ ಕರಾವಳಿ! ಹಳಿಯಾಳದ ಸಂತೆಯಲ್ಲಿ ಹಿರಿಯ ರೈತರೊಬ್ಬರು ಇದನ್ನೇ ಎತ್ತಿಕೊಂಡು, “ಕರಾವಳಿಗೆ ಮಳಿ ಐತಿ ಅಂತ ಹೇಳ್ತಾರ್ರಿ ಸರ. ಹಳ್ಯಾಳಕ್ಕ ಸಮುದ್ರ ಯಾವಾಗ ಬಂತ್ರಿ?” ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ಆದರೆ ಈ ನಗೆಯ ಹಿಂದೆ ಒಂದು ಗಂಭೀರವಾದ ಪ್ರಶ್ನೆ ಇದೆ. ಜಗತ್ತಿನ ಗಣಿತಜ್ಞರನ್ನು ನೂರು ವರ್ಷಗಳಿಂದ ಕಾಡಿದ ಪ್ರಶ್ನೆ ಅದು. ಈ ವಾರ ಅದರ ವಿಚಾರವಾಗಿಯೇ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದಿದ್ದೇನೆ.

ನಕಾಶೆಯನ್ನು ಬಿಡಿಸಿ ನೋಡಿ. ಜೋಯಿಡಾ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಗೋವೆಯ ಗಡಿಗೆ ತಾಗಿಕೊಂಡು, ಕ್ಯಾಸಲ್‌ರಾಕ್ ಎಂಬ ಊರಿದೆ. ಅಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ನೇರ ಗೆರೆಯೊಂದನ್ನು ಎಳೆದರೆ ಐವತ್ತು ಕಿಲೋಮೀಟರು ತುಂಬುವ ಮೊದಲೇ ಹಳಿಯಾಳ ಸಿಕ್ಕುತ್ತದೆ. ಹಳಿಯಾಳದ ಮಳೆ ಸಾವಿರ ಮಿಲಿಮೀಟರಿನ ಆಸುಪಾಸಿನದು. ಘಟ್ಟದ ನೆತ್ತಿಗೆ ಬಡಿದ ಮುಗಿಲು ಜೋಯಿಡಾದ ಕಾಡಿನಲ್ಲಿ ತನ್ನ ಭಾರವನ್ನೆಲ್ಲ ಇಳಿಸಿ, ದಾಂಡೇಲಿಗೆ ಬರುವಷ್ಟರಲ್ಲಿ ಅರ್ಧ ಬರಿದಾಗಿ, ಹಳಿಯಾಳ ಮುಂಡಗೋಡಗಳ ಬತ್ತದ ಗದ್ದೆಗಳ ಮೇಲೆ ಉಳಿದುದನ್ನು ಚಿಮುಕಿಸಿ ಮುಂದೆ ಸಾಗುತ್ತದೆ. ಬಸ್ಸಿನಲ್ಲಿ ಎರಡು ಗಂಟೆಯ ಪ್ರಯಾಣದೊಳಗೆ ಕೊಡೆ, ಕಂಬಳಿಗಳ ಊರು ಮುಗಿದು ಮುಗಿಲನ್ನು ದಿಟ್ಟಿಸುವ ಊರು ಪ್ರಾರಂಭವಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಮಳೆಯನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಬರುವ ಅಂಕಿ ಯಾವ ತಾಲ್ಲೂಕಿನದೂ ಅಲ್ಲ.

ಹಾಗಾದರೆ ಊರೂರಿನ ಮಳೆಯನ್ನು, ಹೊಳೆಹೊಳೆಯ ನೀರನ್ನು ಬೇರೆಬೇರೆಯಾಗಿಯೇ ಲೆಕ್ಕ ಹಾಕಬಾರದೆ? ಇಂದು ಗಣಕಯಂತ್ರಗಳಿಗೇನು ಕೊರತೆ? ಹೀಗೆ ಕೇಳುವುದು ಸಹಜ. ಉತ್ತರಕ್ಕಾಗಿ ಆ ಯಂತ್ರಗಳು ಲೆಕ್ಕ ಹಾಕುವ ಬಗೆಯನ್ನು ಸ್ವಲ್ಪ ತಿಳಿಯಬೇಕು.

ಗಾಳಿಯ ಚಲನೆಗೂ ನೀರಿನ ಹರಿವಿಗೂ ಗಣಿತದ ಸಮೀಕರಣಗಳಿವೆ. ಆದರೆ ನಿಜವಾದ ಬೆಟ್ಟ ಕಣಿವೆಗಳ ಮೇಲೆ ಆ ಸಮೀಕರಣಗಳನ್ನು ಪೂರ್ತಿಯಾಗಿ ಬಿಡಿಸುವುದು ಯಾರಿಗೂ ಸಾಧ್ಯವಾಗಿಲ್ಲ. ಆದ್ದರಿಂದ ಭೂಮಿಯ ಮೇಲೆ ಕಲ್ಪನೆಯಿಂದ ಒಂದು ಚೌಕಜಾಲವನ್ನು ಹಾಸುತ್ತಾರೆ. ನಮ್ಮ ಹೆಂಗಸರು ಚೌಕಾಬಾರಕ್ಕಾಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಮನೆಗಳ ಹಾಗೆಯೇ ಇದು. ಪ್ರತಿ ಮನೆಗೂ ಗಾಳಿಯ ವೇಗ ಇಷ್ಟು, ಒತ್ತಡ ಇಷ್ಟು, ನೀರಿನ ಆಳ ಇಷ್ಟು ಎಂದು ಒಂದೊಂದೇ ಅಂಕಿ. ನೆರೆಯ ಮನೆಗಳ ಅಂಕಿಗಳನ್ನು ನೋಡಿ ಪ್ರತಿಯೊಂದು ಮನೆಯೂ ತನ್ನ ಮುಂದಿನ ಗಳಿಗೆಯ ಅಂಕಿಯನ್ನು ತಿದ್ದಿಕೊಳ್ಳುತ್ತದೆ. ಹೀಗೆ ಹೆಜ್ಜೆಹೆಜ್ಜೆಯಾಗಿ ಲೆಕ್ಕ ನಾಳೆಯ ಕಡೆಗೆ ನಡೆಯುತ್ತದೆ. ಮನೆಯೊಳಗಿನ ಬೆಟ್ಟವಾಗಲಿ ಹಳ್ಳವಾಗಲಿ ಜಾಲಕ್ಕೆ ಕಾಣುವುದಿಲ್ಲ. ಅಲ್ಲಿ ಸರಾಸರಿಯದೇ ರಾಜ್ಯ.

ಈ ಉಪಾಯವನ್ನು ಹವಾಮಾನಕ್ಕೆ ಮೊದಲು ಪ್ರಯೋಗಿಸಿದವನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಗಾಯಾಳುಗಳ ವಾಹನವನ್ನು ನಡೆಸುತ್ತ, ಬಿಡುವಿನ ವೇಳೆಯಲ್ಲಿ ಆತ ಕೈಯಿಂದಲೇ ೧೯೧೦ನೆಯ ಮೇ ೨೦ರ ಹವೆಯ ಲೆಕ್ಕವನ್ನು ಹಾಕಿದ. ನಡುವೆ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲಿನ ರಾಶಿಯೊಂದರ ಕೆಳಗೆ ದೊರಕಿತು. ಇಷ್ಟು ಪಾಡುಪಟ್ಟು ಮುಗಿಸಿದ ಆ ಲೆಕ್ಕದಲ್ಲಿ ಆರು ಗಂಟೆಗಳೊಳಗೆ ಗಾಳಿಯ ಒತ್ತಡ ೧೪೫ ಮಿಲಿಬಾರಿನಷ್ಟು ಏರಬೇಕೆಂದು ಬಂದಿತು. ನಿಜವಾಗಿ ಅಂದು ಒತ್ತಡ ಹೆಚ್ಚು ಕಡಿಮೆ ಇದ್ದಲ್ಲಿಯೇ ಇತ್ತು. ಪ್ರಾರಂಭದ ಅಂಕಿಗಳ ಅಸಮತೋಲವೇ ಇದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಮಾರ್ಗ ಸರಿಯಾಗಿಯೇ ಇತ್ತು. ೧೯೨೨ರಲ್ಲಿ ಆತ ತನ್ನ ಸೋಲನ್ನೂ ಸೇರಿಸಿ ಎಲ್ಲವನ್ನೂ ಗ್ರಂಥರೂಪದಲ್ಲಿ ಪ್ರಕಟಿಸಿದ. ಆತನ ಜಾಲದ ಒಂದೊಂದು ಮನೆ ಸುಮಾರು ೨೦೦ ಕಿಲೋಮೀಟರು ಅಗಲದ್ದು. ಅಂಥ ಒಂದೇ ಮನೆಯೊಳಗೆ ನಮ್ಮ ನಾಲ್ಕೂ ತಾಲ್ಲೂಕುಗಳು ಅಡಗಿ, ಕಾರವಾರಕ್ಕೂ ಧಾರವಾಡಕ್ಕೂ ಜಾಗ ಉಳಿಯುತ್ತದೆ.

ಅಂದಿನಿಂದ ಇಂದಿನವರೆಗೆ ಹವಾಮಾನಶಾಸ್ತ್ರದ ಕಥೆ ಬಹುಮಟ್ಟಿಗೆ ಈ ಮನೆಗಳನ್ನು ಚಿಕ್ಕದು ಮಾಡಿದ ಕಥೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಸಿದ್ಧವಾಗಿ ೨೦೨೫ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್’ ಮುನ್ಸೂಚನಾ ವ್ಯವಸ್ಥೆಯಲ್ಲಿ ಮನೆಯ ಅಗಲ ಸುಮಾರು ಆರು ಕಿಲೋಮೀಟರಿಗೆ ಇಳಿದಿದೆ. ಅದಕ್ಕೆ ಮೊದಲು ಹನ್ನೆರಡು ಇತ್ತು. ಕ್ಯಾಸಲ್‌ರಾಕಿನಿಂದ ಹಳಿಯಾಳದವರೆಗೆ ಹಿಂದೆ ನಾಲ್ಕು ಮನೆಗಳಿದ್ದರೆ ಈಗ ಎಂಟು ಮನೆಗಳಾದುವು. ಇದು ದೊಡ್ಡ ಮುನ್ನಡೆ; ಸಂದೇಹವಿಲ್ಲ. ಆದರೆ ಮನೆಯನ್ನು ಅರ್ಧಕ್ಕೆ ಇಳಿಸುವುದೆಂದರೆ ಕೆಲಸ ಎರಡರಷ್ಟಾಗುವುದೆಂದು ತಿಳಿಯಬಾರದು. ಉದ್ದದಲ್ಲಿ ಎರಡು, ಅಗಲದಲ್ಲಿ ಎರಡು. ಮನೆಗಳು ನಾಲ್ಕು ಪಟ್ಟಾದುವು. ಅದರ ಮೇಲೆ ಕಾಲದ ಹೆಜ್ಜೆಯನ್ನೂ ಅರ್ಧಕ್ಕೆ ಇಳಿಸಬೇಕಾಗುತ್ತದೆ. ಏಕೆಂದರೆ ಒಂದು ಹೆಜ್ಜೆಯ ಅವಧಿಯಲ್ಲಿ ಅಲೆಯು ಒಂದು ಮನೆಯನ್ನು ಹಾರಿ ಆಚೆಗೆ ಹೋಗಿಬಿಟ್ಟರೆ ಇಂಥ ಲೆಕ್ಕ ನೆಲೆತಪ್ಪಿ ಹುಚ್ಚೆದ್ದು ಹೋಗುತ್ತದೆ. ಈ ನಿಯಮವನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ೧೯೨೮ರಲ್ಲಿಯೇ ಕಂಡುಹಿಡಿದರು. ಒಟ್ಟಿನಲ್ಲಿ ಕೆಲಸ ಎಂಟು ಪಟ್ಟು.

ಒಂದು ಲೆಕ್ಕವನ್ನೇ ಮಾಡಿ ನೋಡೋಣ. ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಂತೆ ೧೦೦ ಕಿಲೋಮೀಟರು ಉದ್ದ, ಅಷ್ಟೇ ಅಗಲದ ನೆಲವನ್ನು ತೆಗೆದುಕೊಳ್ಳಿ. ಅದರ ಮೇಲೆ ನೆರೆಯ ನೀರು ಹೇಗೆ ಹರಿದೀತೆಂದು ತಿಳಿಯಬೇಕಾಗಿದೆ. ಕಿಲೋಮೀಟರಿಗೊಂದು ಮನೆಯಾದರೆ ೧೦,೦೦೦ ಮನೆಗಳು. ಆದರೆ ಕಾಳಿಯ ಪಾತ್ರವಾಗಲಿ, ಅದಕ್ಕೆ ಇಳಿಯುವ ಹಳ್ಳಗಳಾಗಲಿ, ದಡದ ಮನೆಗಳಾಗಲಿ ಅಂಥ ಜಾಲಕ್ಕೆ ಕಾಣುವುದಿಲ್ಲ. ಅದಕ್ಕೆ ಹತ್ತು ಮೀಟರಿನ ಮನೆ ಬೇಕು. ಆಗ ಮನೆಗಳು ಹತ್ತು ಕೋಟಿ. ಕಾಲದ ಹೆಜ್ಜೆಗಳು ಮೊದಲಿನ ನೂರು ಪಟ್ಟು. ಅಂದರೆ ಕೆಲಸ ಹತ್ತು ಲಕ್ಷ ಪಟ್ಟು. ಒರಟು ಜಾಲದಲ್ಲಿ ಒಂದು ನಿಮಿಷಕ್ಕೆ ಮುಗಿಯುತ್ತಿದ್ದ ಲೆಕ್ಕಕ್ಕೆ ಈಗ ೬೯೪ ದಿನ ಹಿಡಿಯುತ್ತದೆ. ನಾಳೆಯ ನೆರೆಯ ಸುದ್ದಿ ಎರಡು ವರ್ಷಕ್ಕೆ ಸ್ವಲ್ಪ ಮುಂಚೆ ಕೈಸೇರಿದರೆ ಅದರಿಂದ ಯಾರಿಗೆ ಪ್ರಯೋಜನ?

ಒರಟಾಗಿ ನೋಡಿದರೆ ಸುಳ್ಳು, ಸೂಕ್ಷ್ಮವಾಗಿ ನೋಡಿದರೆ ತಡ ಎಂಬ ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯನ್ನು ಅಮೆರಿಕೆಯ ಮಾರ್ಷಾ ಬರ್ಗರ್ ಮತ್ತು ಜೋಸೆಫ್ ಓಲಿಗರ್ ಎಂಬ ಗಣಿತಜ್ಞರು ೧೯೮೪ರಲ್ಲಿ ತೋರಿಸಿಕೊಟ್ಟರು. ಅಡಾಪ್ಟಿವ್ ಮೆಶ್ ರಿಫೈನ್‌ಮೆಂಟ್ ಎಂದು ಅದರ ಹೆಸರು. ಸಂದರ್ಭಾನುಸಾರ ಜಾಲಸೂಕ್ಷ್ಮೀಕರಣ ಎಂದು ನಾವು ಕರೆಯಬಹುದು. ಹೆಸರು ಉದ್ದವಾದರೂ ವಿಚಾರ ಸರಳವಾಗಿದೆ: ಎಲ್ಲ ಕಡೆಗೂ ಒರಟು ಜಾಲವನ್ನೇ ಹಾಸು, ಎಲ್ಲಿ ಏನಾದರೂ ನಡೆಯುತ್ತಿದೆಯೋ ಅಲ್ಲಿ ಮಾತ್ರ ಅದರ ಮೇಲೆ ಸೂಕ್ಷ್ಮವಾದ ತೇಪೆಯನ್ನು ಇಡು, ಆ ನಡೆಯುವಿಕೆ ಮುಂದೆ ಸರಿದರೆ ತೇಪೆಯನ್ನೂ ಸರಿಸು, ನಿಂತರೆ ತೆಗೆದುಹಾಕು.

ತೇಪೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹಳಿಯಾಳ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳು ಈಗ ದೂರದೂರದ ನಗರಗಳಲ್ಲಿಯೂ ಹೆಸರಾಗಿವೆ. ಹಳೆಯ ಸೀರೆ ಧೋತರಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಿಂದ ಪ್ರಾರಂಭಿಸಿ ಒಳಗೊಳಗೆ ಹೊಲಿಯುತ್ತ ಅವರು ನಡುವಿಗೆ ಬರುತ್ತಾರೆ. ಕೆಳಗೆ ದೊಡ್ಡ ಬಟ್ಟೆ. ಅದರ ಮೇಲೆ ತೇಪೆ. ಆ ತೇಪೆಯ ಮೇಲೆ ಇನ್ನೂ ಚಿಕ್ಕದೊಂದು ತೇಪೆ. ಕೌದಿಗೆಲ್ಲ ಒಂದೇ ಬಗೆಯ ಚಿಕ್ಕ ತುಂಡುಗಳನ್ನು ಹೊಲಿಯುತ್ತ ಕುಳಿತರೆ ಮಳೆಗಾಲ ಮುಗಿದರೂ ಕೌದಿ ಮುಗಿಯದು. ಬರ್ಗರ್ ಮತ್ತು ಓಲಿಗರ್ ಮಾಡಿದ್ದೂ ಇದನ್ನೇ. ಅವರ ಸೂಕ್ಷ್ಮ ಜಾಲವು ಒರಟು ಜಾಲವನ್ನು ಹರಿದು ನಡುವೆ ತುರುಕಿದ್ದಲ್ಲ. ಅದರ ಮೇಲೆ ಕೂಡಿಸಿದ ಚೌಕ ತೇಪೆ. ಕೆಳಗಿನ ಬಟ್ಟೆ ಹಾಗೆಯೇ ಇರುತ್ತದೆ. ಅಷ್ಟೇ ವ್ಯತ್ಯಾಸ: ಕೌದಿಯ ತೇಪೆ ಹೊಲಿದಲ್ಲಿ ನಿಲ್ಲುತ್ತದೆ, ಈ ತೇಪೆ ನೀರಿನ ಜೊತೆಗೆ ನಡೆಯುತ್ತದೆ.

ತೇಪೆ ಎಲ್ಲಿ ಬೇಕೆಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇದು ಇಡೀ ವಿದ್ಯೆಯ ಮರ್ಮ. ಒಂದೇ ಲೆಕ್ಕವನ್ನು ಒಮ್ಮೆ ಚಿಕ್ಕ ಹೆಜ್ಜೆಯಲ್ಲಿಯೂ ಒಮ್ಮೆ ದೊಡ್ಡ ಹೆಜ್ಜೆಯಲ್ಲಿಯೂ ಮಾಡಿ ಹೋಲಿಸುತ್ತಾರೆ. ಎರಡು ಉತ್ತರಗಳೂ ಒಂದನ್ನೊಂದು ಒಪ್ಪಿದರೆ ಅಲ್ಲಿ ಒರಟು ಜಾಲವೇ ಸಾಕು. ಜಗಳವಾಡಿದರೆ ಅಲ್ಲಿ ಏನೋ ಇದೆಯೆಂದು ಅರ್ಥ. ಆ ಮನೆಗೆ ಗುರುತು ಹಾಕುತ್ತಾರೆ. ಗುರುತಾದ ಮನೆಗಳನ್ನೆಲ್ಲ ಕೂಡಿಸಿ ಚೌಕಗಳಾಗಿ ಕಟ್ಟಿ ತೇಪೆ ಇಡುತ್ತಾರೆ. ಹೀಗೆ ಎರಡು ಉತ್ತರಗಳ ಅಂತರದಿಂದ ತಪ್ಪಿನ ಅಳತೆಯನ್ನು ತೆಗೆಯುವ ಕೌಶಲವೂ ಅದೇ ರಿಚರ್ಡ್‌ಸನ್ನನದು ಎಂಬುದು ಸೋಜಿಗ. ಸೋತ ಲೆಕ್ಕದ ಕರ್ತೃವಿನ ಹೆಸರೇ ತಪ್ಪನ್ನು ಅಳೆಯುವ ಕೋಲಿಗೂ ನಿಂತಿತು.

ಇನ್ನು ಕಾಲದ ಮಾತು. ಒಲೆಯ ಮೇಲೆ ಒಂದು ಕಡೆ ಅನ್ನ, ಇನ್ನೊಂದು ಕಡೆ ಹಾಲು ಇಟ್ಟ ಗೃಹಿಣಿ ಎರಡನ್ನೂ ಒಂದೇ ಸಮನೆ ನೋಡುತ್ತ ನಿಲ್ಲುವುದಿಲ್ಲ. ಅನ್ನದ ಕಡೆಗೆ ಐದು ನಿಮಿಷಕ್ಕೊಮ್ಮೆ ದೃಷ್ಟಿ; ಉಕ್ಕಲು ಬಂದ ಹಾಲಿನಿಂದ ಕಣ್ಣು ತೆಗೆಯುವಂತಿಲ್ಲ. ಸೂಕ್ಷ್ಮ ತೇಪೆಯ ಮನೆಗಳೂ ಹೀಗೆಯೇ ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಮುಂದುವರಿಯುತ್ತವೆ. ಅಷ್ಟರಲ್ಲಿ ಒರಟು ಜಾಲ ಒಂದೇ ದೊಡ್ಡ ಹೆಜ್ಜೆಯನ್ನು ಇಟ್ಟಿರುತ್ತದೆ. ಹೆಜ್ಜೆಯ ಕೊನೆಯಲ್ಲಿ ಇಬ್ಬರೂ ಸೇರಿ ಲೆಕ್ಕ ಒಪ್ಪಿಸಿಕೊಳ್ಳಬೇಕು. ಒರಟು ಜಾಲದ ಕಡತದ ಪ್ರಕಾರ ಗಡಿಯಲ್ಲಿ ನೂರು ಕೊಡ ನೀರು ದಾಟಿ, ಸೂಕ್ಷ್ಮ ಜಾಲದ ಕಡತದಲ್ಲಿ ತೊಂಬತ್ತೆಂಟೇ ಕೊಡ ಜಮೆಯಾಗಿದ್ದರೆ ಎರಡು ಕೊಡ ನೀರು ಲೆಕ್ಕದಿಂದ ಮಾಯವಾಯಿತು. ಸಾವಿರ ಹೆಜ್ಜೆಗಳಲ್ಲಿ ಒಂದು ಕೆರೆಯೇ ಮಾಯವಾದೀತು! ಆದ್ದರಿಂದ ಅಂಚಿನ ಹೊಲಿಗೆಯನ್ನು ಪ್ರತಿ ಸಲವೂ ಬಿಚ್ಚಿ ಸರಿಪಡಿಸಲಾಗುತ್ತದೆ. ೧೯೮೯ರಲ್ಲಿ ಬರ್ಗರ್ ಅವರು ಫಿಲಿಪ್ ಕೊಲೆಲ್ಲಾ ಎಂಬವರೊಡನೆ ಸೇರಿ ಈ ಜಮಾಖರ್ಚನ್ನು ಗಟ್ಟಿಮಾಡಿದರು.

ಇದರಿಂದ ಆಗುವ ಉಳಿತಾಯವೆಷ್ಟು? ಕಾಳೀ ನದಿಯ ಉದ್ದ ಸುಮಾರು ೧೮೪ ಕಿಲೋಮೀಟರು. ಅದರ ಉದ್ದಕ್ಕೂ ಅರ್ಧ ಕಿಲೋಮೀಟರು ಅಗಲದ ಪಟ್ಟಿಗೆ ಮಾತ್ರ ಸೂಕ್ಷ್ಮ ತೇಪೆಯನ್ನಿಟ್ಟರೆ ೯೨ ಚದರ ಕಿಲೋಮೀಟರಾಯಿತು. ನಮ್ಮ ಲೆಕ್ಕದ ನೆಲದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ೬೯೪ ದಿನಗಳ ಲೆಕ್ಕ ಸುಮಾರು ಏಳು ದಿನಗಳಿಗೆ ಇಳಿಯಿತು. ಏಳು ದಿನವೂ ಹೆಚ್ಚೇ. ನೆರೆ ಏಳು ದಿನ ಕಾಯುವುದಿಲ್ಲ. ಇಲ್ಲಿಂದ ಮುಂದೆ ಒಂದು ಯಂತ್ರದ ಕೈಯಲ್ಲಿ ಆಗದು. ನೂರಾರು ಯಂತ್ರಗಳು ಏಕಕಾಲದಲ್ಲಿ ದುಡಿಯಬೇಕು. ಇದೇ ಸಮಾಂತರ ಗಣನೆ.

ಇದರ ಕನಸನ್ನು ಕಂಡವನೂ ರಿಚರ್ಡ್‌ಸನ್ನನೇ. ಒಂದು ವಿಶಾಲವಾದ ದುಂಡು ರಂಗಮಂದಿರ. ಗೋಡೆಗಳ ಮೇಲೆ ಭೂಗೋಲದ ಚಿತ್ರ. ಅದರಲ್ಲಿ ೬೪,೦೦೦ ಮಂದಿ ಲೆಕ್ಕಿಗರು ಕುಳಿತು ತಮ್ಮ ತಮ್ಮ ಪಾಲಿನ ಹವೆಯನ್ನು ಲೆಕ್ಕ ಹಾಕುತ್ತಿದ್ದಾರೆ. ನಡುವಿನ ಎತ್ತರದ ಪೀಠದಿಂದ ಮೇಲ್ವಿಚಾರಕನೊಬ್ಬ ಬಲು ಮುಂದೆ ಓಡಿದವರ ಮೇಲೆ ಗುಲಾಬಿ ಬೆಳಕನ್ನೂ ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕನ್ನೂ ಬೀರಿ ಎಲ್ಲರನ್ನೂ ಒಂದೇ ನಡೆಯಲ್ಲಿ ನಡೆಸುತ್ತಾನೆ. ಗಣಕಯಂತ್ರವೇ ಇಲ್ಲದ ಕಾಲದಲ್ಲಿ ಕಂಡ ಈ ಚಿತ್ರದಲ್ಲಿ ಇಂದಿನ ಮಹಾಗಣಕಗಳ ಮುಖ್ಯವಾದ ಕಷ್ಟ ಆಗಲೇ ಅಡಗಿದೆ. ಎಲ್ಲರ ಕೆಲಸ ಮುಗಿಯುವ ತನಕ ಯಾರೂ ಮುಂದಿನ ಹೆಜ್ಜೆಯನ್ನು ಇಡುವಂತಿಲ್ಲ. ತೊಂಬತ್ತೊಂಬತ್ತು ಮಂದಿ ಬೇಗ ಮುಗಿಸಿದರೂ ನೂರನೆಯವನ ವೇಗವೇ ಎಲ್ಲರ ವೇಗ.

ಒಂದು ದೊಡ್ಡ ಕೌದಿಯನ್ನು ನಾಲ್ವರು ಹೆಂಗಸರು ಹಂಚಿಕೊಂಡು ಹೊಲಿಯುತ್ತಾರೆಂದು ತಿಳಿಯಿರಿ. ಸಮನಾಗಿ ನಾಲ್ಕು ಪಾಲು ಮಾಡಿದರೆ ಅದು ನ್ಯಾಯವೆಂದು ಕಾಣುತ್ತದೆ. ಆದರೆ ಚಿಕ್ಕ ಚಿಕ್ಕ ತೇಪೆಗಳೆಲ್ಲ ಒಬ್ಬಳ ಮೂಲೆಯಲ್ಲಿಯೇ ಗುಂಪಾಗಿದ್ದರೆ? ಮೂವರು ಎಲೆ ಅಡಿಕೆ ಹಾಕಿಕೊಂಡು ಕುಳಿತಿರುತ್ತಾರೆ. ಆ ಒಬ್ಬಳ ಬೆರಳು ಮಾತ್ರ ಸೂಜಿಯಿಂದ ಬಿಡುವು ಕಾಣದು. ನೆಲವನ್ನು ಸಮನಾಗಿ ಹಂಚಿದರೆ ಸಾಲದು. ಹೊಲಿಗೆಯನ್ನು ಸಮನಾಗಿ ಹಂಚಬೇಕು. ಜಾಲವು ಸ್ಥಿರವಾಗಿದ್ದರೆ ಒಂದು ಸಲ ಹಂಚಿ ನಿಶ್ಚಿಂತೆಯಿಂದಿರಬಹುದು. ಇಲ್ಲಿ ತೇಪೆಗಳು ನಡೆಯುತ್ತಿರುವುದರಿಂದ ಬೆಳಗಿನ ಹಂಚಿಕೆ ಮಧ್ಯಾಹ್ನಕ್ಕೆ ಅನ್ಯಾಯವಾಗುತ್ತದೆ. ಮತ್ತೆ ಮತ್ತೆ ಹಂಚಬೇಕು. ಆದರೆ ಹಂಚುವುದರಲ್ಲಿಯೇ ಹೊತ್ತು ಕಳೆಯಬಾರದು. ಅಕ್ಕಪಕ್ಕದ ತುಂಡುಗಳು ಬೇರೆಬೇರೆಯವರ ಮಡಿಲಿಗೆ ಚದುರಿದರೆ ಅಂಚಿಗಂಚು ಕೂಡಿಸಲು ಒಬ್ಬರನ್ನೊಬ್ಬರು ಕೂಗುವುದರಲ್ಲಿಯೇ ದಿನ ಮುಗಿಯುತ್ತದೆ.

ಇದಕ್ಕೆ ಗಣಿತಜ್ಞರು ಹೂಡಿದ ಉಪಾಯ ನಮ್ಮ ಅಂಗಳದ್ದೇ ಎನ್ನಿಸುವಂತಿದೆ. ಎಳೆ ರಂಗೋಲಿಯನ್ನು ಹಾಕುವಾಗ ಕೈಯೆತ್ತದೆ ಒಂದೇ ಎಳೆಯನ್ನು ಎಲ್ಲ ಚುಕ್ಕಿಗಳ ನಡುವೆ ಸುತ್ತಿಸಿ ತರುವುದನ್ನು ವಾಚಕರು ನೋಡಿದ್ದೀರಿ. ಅದೇ ರೀತಿ ಜಾಲದ ಎಲ್ಲ ಮನೆಗಳನ್ನೂ ಒಂದೊಂದು ಸಲ ಮುಟ್ಟುವ ಒಂದೇ ಎಳೆಯನ್ನು ಇಟಲಿಯ ಪಿಯಾನೋ ೧೮೯೦ರಲ್ಲಿಯೂ ಜರ್ಮನಿಯ ಹಿಲ್ಬರ್ಟ್ ೧೮೯೧ರಲ್ಲಿಯೂ ಕೇವಲ ಬುದ್ಧಿಯ ಸಂತೋಷಕ್ಕಾಗಿ ರಚಿಸಿದ್ದರು. ಆ ಎಳೆಯಲ್ಲಿ ಒಂದರ ಪಕ್ಕದಲ್ಲೊಂದು ಬರುವ ಮನೆಗಳು ನೆಲದ ಮೇಲೆಯೂ ಅಕ್ಕಪಕ್ಕದವೇ. ಈಗ ಆ ಎಳೆಯನ್ನು ನೀಳವಾಗಿ ಎಳೆದು, ಕೆಲಸದ ಭಾರವನ್ನು ತೂಗಿ ಸಮ ತುಂಡುಗಳಾಗಿ ಕತ್ತರಿಸಿ, ಯಂತ್ರಕ್ಕೊಂದು ತುಂಡಿನಂತೆ ಕೊಟ್ಟರಾಯಿತು. ತೇಪೆಗಳು ಸರಿದಾಗ ಎಳೆಯನ್ನು ಹೊಸದಾಗಿ ಕತ್ತರಿಸಿದರೆ ಸಾಕು. ನೂರು ಯಂತ್ರಗಳು ಹೀಗೆ ಚೆನ್ನಾಗಿ ಹೊಂದಿಕೊಂಡು ದುಡಿದರೆ ನಮ್ಮ ಏಳು ದಿನದ ಲೆಕ್ಕ ಎರಡು ಗಂಟೆಗಳ ಆಸುಪಾಸಿಗೆ ಬರುತ್ತದೆ. ಆಗ ಅದು ಜನರ ಉಪಯೋಗಕ್ಕೆ ಬೀಳುವ ಮಾತಾಯಿತು.

ಸಮಾಂತರ ಗಣನೆಯ ಇತಿಹಾಸದಲ್ಲಿ ಕನ್ನಡನಾಡಿಗೂ ಗೌರವದ ಸ್ಥಾನವಿದೆಯೆಂಬುದನ್ನು ಅನೇಕರು ಅರಿಯರು. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ೧೯೮೬ರಲ್ಲಿ, ಅಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವು ಸಿದ್ಧವಾಯಿತು. ಭಾರತದಲ್ಲಿ ಈ ಬಗೆಯದರಲ್ಲಿ ಅದೇ ಮೊದಲಿನದು. ಹೆಸರೇ ಹೇಳುವಂತೆ ಗಾಳಿಯ ಹರಿವಿನ ಲೆಕ್ಕ ಅದರ ಉದ್ದೇಶ. ಮುಂದೆ ಅದೇ ವಂಶದ ಯಂತ್ರಗಳು ಹವಾಮಾನದ ಲೆಕ್ಕಕ್ಕೂ ಒದಗಿದುವು. ೨೦೨೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ ‘ಪರಮ್ ಪ್ರವೇಗ’ವು ಸೆಕೆಂಡಿಗೆ ೩,೩೦೦ ಲಕ್ಷ ಕೋಟಿ ಲೆಕ್ಕಗಳನ್ನು ಮಾಡಬಲ್ಲದು. ಆದರೂ ಮನೆಗಳು ಚಿಕ್ಕದಾದಂತೆ ಕೆಲಸ ಎಷ್ಟು ಪಟ್ಟು ಬೆಳೆಯುತ್ತದೆಂಬುದನ್ನು ನೋಡಿದೆವಷ್ಟೆ. ಯಂತ್ರ ಎಷ್ಟೇ ದೊಡ್ಡದಾಗಲಿ, ಎಲ್ಲಿ ನೋಡಬೇಕೆಂಬ ವಿವೇಕವಿಲ್ಲದೆ ಹೋದರೆ ಅದೂ ಸೋಲುತ್ತದೆ.

ಈ ವಿದ್ಯೆ ಇದುವರೆಗೆ ಎಲ್ಲೆಲ್ಲಿಗೆ ಹೋಗಿದೆಯೆಂದರೆ, ವಿಶ್ವದ ಆದಿಯಲ್ಲಿ ಅನಿಲದ ಮಹಾಮೋಡವೊಂದು ಕುಸಿದು ಮೊದಲ ನಕ್ಷತ್ರ ಮೂಡಿದ ಬಗೆಯನ್ನು ೨೦೦೨ರಲ್ಲಿ ಇದರಿಂದಲೇ ಲೆಕ್ಕ ಹಾಕಿದರು. ಚಂಡಮಾರುತದ ಬೆನ್ನುಹತ್ತಿ ಅದರೊಡನೆಯೇ ಸಮುದ್ರದ ಮೇಲೆ ಸರಿಯುವ ಸೂಕ್ಷ್ಮ ಜಾಲಗಳೂ ಇದರ ಹತ್ತಿರದ ಬಂಧುಗಳು. ನಮಗೆ ಹೆಚ್ಚು ಸಮೀಪದ ಉದಾಹರಣೆ ಫ್ರಾನ್ಸಿನದು. ೧೯೫೯ರ ಡಿಸೆಂಬರ್ ೨ರ ರಾತ್ರಿ ಅಲ್ಲಿನ ಮಾಲ್‌ಪಾಸೆ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಕ್ಕಟ್ಟಾದ ಕಣಿವೆಯಲ್ಲಿ ಆ ನೀರು ಹೇಗೆ ನುಗ್ಗಿತೆಂಬುದನ್ನು ೨೦೧೧ರಲ್ಲಿ ಅಮೆರಿಕೆಯ ಡೇವಿಡ್ ಜಾರ್ಜ್ ಎಂಬ ವಿಜ್ಞಾನಿ ನಡೆಯುವ ತೇಪೆಗಳ ಜಾಲದಿಂದ ಲೆಕ್ಕ ಹಾಕಿ, ಹಿಂದೆ ದಾಖಲಾಗಿದ್ದ ವಿವರಗಳೊಡನೆ ಹೋಲಿಸಿ ನೋಡಿದರು. ನೀರಿನ ಮುಂಚೂಣಿ ಹೋದಲ್ಲೆಲ್ಲ ಸೂಕ್ಷ್ಮ ಜಾಲ ಹೋಯಿತು; ಒಣನೆಲದ ಮೇಲೆ ಒರಟು ಜಾಲವೇ ಉಳಿಯಿತು.

ಈ ಮಾತನ್ನು ನಮ್ಮ ಕಾಳಿಯ ಕಣಿವೆಗೆ ತಂದುಕೊಂಡು ನೋಡೋಣ, ಭಯಪಡುವುದಕ್ಕಲ್ಲ, ತಿಳಿಯುವುದಕ್ಕೆ. ಜೋಯಿಡಾದ ಕಾಡಿನಲ್ಲಿ ಹುಟ್ಟಿದ ಕಾಳಿಗೆ ಗಣೇಶಗುಡಿಯ ಬಳಿ ೧೦೧ ಮೀಟರು ಎತ್ತರದ ಸೂಪಾ ಅಣೆಕಟ್ಟು ಅಡ್ಡ ನಿಂತಿದೆ. ೧೯೮೭ರಲ್ಲಿ ಅದು ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಳೆಯ ಸೂಪೆಯೇ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದುವು. ಜಲಾಶಯದಲ್ಲಿ ಸುಮಾರು ೧೪೭ ಟಿ.ಎಂ.ಸಿ. ನೀರು ಹಿಡಿಯುತ್ತದೆ, ಅದಕ್ಕೆ ಬಸಿದು ಬರುವ ನ���ಲ ಸುಮಾರು ಸಾವಿರ ಚದರ ಕಿಲೋಮೀಟರಿನದು. ಅಷ್ಟು ನೆಲದ ಮೇಲೆ ಒಂದು ದಿನದ ಮಳೆಯ ಅಂದಾಜಿನಲ್ಲಿ ನೂರು ಮಿಲಿಮೀಟರಿನಷ್ಟು ತಪ್ಪಾದರೆ, ಬಿದ್ದ ನೀರೆಲ್ಲ ಹರಿದು ಬರುವುದೆಂದು ಎಣಿಸಿದಾಗ, ಮೂರೂವರೆ ಟಿ.ಎಂ.ಸಿ. ನೀರಿನ ತಪ್ಪಾಯಿತು. ಸೂಪೆಯಂಥ ವಿಶಾಲವಾದ ಜಲಾಶಯ ಅದನ್ನು ನುಂಗಿಕೊಂಡೀತು. ಆದರೆ ಘಟ್ಟವಿಳಿದ ಮೇಲೆ, ಕಾರವಾರ ತಾಲ್ಲೂಕಿನಲ್ಲಿ ಕದ್ರಾ ಜಲಾಶಯವಿದೆ. ಸೂಪೆಯ ಎದುರಿಗೆ ಅದು ಬಹು ಚಿಕ್ಕದು. ಭಾರಿ ಮಳೆಗೆ ಬೇಗನೆ ತುಂಬುತ್ತದೆ.

೨೦೧೯ರ ಆಗಸ್ಟಿನಲ್ಲಿಯೂ ೨೦೨೧ರ ಜುಲೈಯಲ್ಲಿಯೂ ಕದ್ರಾದ ಬಾಗಿಲುಗಳನ್ನು ತೆರೆಯಬೇಕಾಗಿ ಬಂದು ಕೆಳಗಿನ ದಡದ ಊರುಗಳಿಗೆ ನೀರು ನುಗ್ಗಿತು. ಬಾಗಿಲನ್ನು ಕಾಯುವ ಎಂಜಿನಿಯರನ ಸಂಕಟವನ್ನು ಯೋಚಿಸಿ ನೋಡಿ. ಮುಂಚಿತವಾಗಿ ನೀರು ಬಿಟ್ಟು ಮಳೆ ಬರದೆ ಹೋದರೆ ವಿದ್ಯುತ್ತಿಗೆ ಬೇಕಾದ ನೀರು ಸಮುದ್ರದ ಪಾಲು. ಬಿಡದೆ ಕುಳಿತು ಮಳೆ ಹೊಯ್ದರೆ ರಾತ್ರಿಯ ಹೊತ್ತಿನಲ್ಲಿ ಒಮ್ಮೆಲೇ ಬಿಡಬೇಕಾದೀತು. ಅವನಿಗೆ ಬೇಕಾದುದು ಜಿಲ್ಲೆಯ ಸರಾಸರಿಯಲ್ಲ. ಇಂದು ಸಂಜೆಯಿಂದ ನಾಳೆ ಬೆಳಗಿನ ತನಕ ಘಟ್ಟದ ಈ ಸೆರಗಿನಲ್ಲಿ, ಈ ಹಳ್ಳದ ಮೇಲ್ಭಾಗದಲ್ಲಿ ಎಷ್ಟು ಸುರಿದೀತು, ಆ ನೀರು ಯಾವ ಗಳಿಗೆಯಲ್ಲಿ ಎಲ್ಲಿಗೆ ಬಂದೀತು ಎಂಬುದು. ೨೦೨೧ರ ಅಣೆಕಟ್ಟು ಸುರಕ್ಷತಾ ಕಾಯಿದೆಯ ಪ್ರಕಾರ ದೊಡ್ಡ ಅಣೆಕಟ್ಟುಗಳಿಗೆಲ್ಲ ತುರ್ತು ಕ್ರಮದ ಯೋಜನೆ ಸಿದ್ಧವಿರಬೇಕು. ನೀರು ಎಲ್ಲಿಗೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಆಳಕ್ಕೆ ಬರುತ್ತದೆಂಬ ಲೆಕ್ಕವಿಲ್ಲದೆ ಅಂಥ ಯೋಜನೆ ಕಾಗದವಾಗಿಯೇ ಉಳಿಯುತ್ತದೆ. ದಡದ ಹಳ್ಳಿಯ ಮುದುಕಿಯೊಬ್ಬಳು ತನ್ನ ದನಗಳನ್ನು ಬಿಚ್ಚಿಕೊಂಡು ದಿಬ್ಬಕ್ಕೆ ಹೋಗಲು ಎರಡು ಗಂಟೆಯ ಅವಕಾಶ ಸಿಕ್ಕುತ್ತದೆಯೋ ಇಲ್ಲವೋ ಎಂಬುದೇ ಈ ಗಣಿತದ ಕೊನೆಯ ಅರ್ಥ.

ಇಷ್ಟೆಲ್ಲ ಹೊಗಳಿದ ಮೇಲೆ ಈ ವಿದ್ಯೆಯ ಮಿತಿಯನ್ನು ಮರೆಮಾಚುವುದು ಸರಿಯಲ್ಲ. ಮೊದಲನೆಯದು: ತೇಪೆ ಎಲ್ಲಿ ಬೇಕೆಂದು ಹೇಳುವುದು ಒರಟು ಜಾಲವೇ. ಒರಟು ಜಾಲದ ಕಣ್ಣಿಗೆ ಸುಳಿವೇ ಹತ್ತದಷ್ಟು ಚಿಕ್ಕದಾಗಿ ಹುಟ್ಟಿದ ಸಂಗತಿಗೆ ಗುರುತು ಬೀಳುವುದಿಲ್ಲ. ಗುರುತಿಲ್ಲದ ಕಡೆಗೆ ತೇಪೆ ಬರುವುದಿಲ್ಲ. ಗುರುತು ಹಾಕುವ ಮಿತಿಯನ್ನು ಇಂತಿಷ್ಟೆಂದು ಗೊತ್ತುಮಾಡುವವನು ಮನುಷ್ಯ. ಅದನ್ನು ತೀರ ಕೆಳಗಿಟ್ಟರೆ ಎಲ್ಲೆಲ್ಲಿಯೂ ತೇಪೆಯಾಗಿ ಮತ್ತೆ ೬೯೪ ದಿನಗಳ ಗತಿ. ತೀರ ಮೇಲಿಟ್ಟರೆ ಹಳ್ಳಿಯೊಂದು ಮುಳುಗಿದರೂ ಜಾಲಕ್ಕೆ ಅರಿವಾಗದು. ಆ ಒಂದು ಅಂಕಿಯನ್ನು ಆರಿಸುವ ಕೆಲಸದಲ್ಲಿ ಗಣಿತದಷ್ಟೇ ಮನುಷ್ಯನ ಮನಸ್ಸಾಕ್ಷಿಯೂ ಇರಬೇಕಾಗುತ್ತದೆ.

ಎರಡನೆಯದು ಇನ್ನೂ ಮುಖ್ಯವಾದದ್ದು. ತೇಪೆಯು ಲೆಕ್ಕವನ್ನು ಸೂಕ್ಷ್ಮ ಮಾಡೀತೇ ಹೊರತು ಅರಿವನ್ನು ಸೂಕ್ಷ್ಮ ಮಾಡದು. ನೆಲದ ಮೇಲೆ ಮಳೆಯನ್ನು ಅಳೆದವರೇ ಇಲ್ಲದ ಕಡೆ ಹತ್ತು ಮೀಟರಿನ ಜಾಲವನ್ನು ಹಾಸಿದರೆ ನಮ್ಮ ಅಜ್ಞಾನವೇ ಅಚ್ಚುಕಟ್ಟಾದ ಚೌಕಗಳಲ್ಲಿ ಕಾಣಿಸುತ್ತದೆ, ಅಷ್ಟೆ. ಕರ್ನಾಟಕದಲ್ಲಿ ಗ್ರಾಮಪಂಚಾಯತಿಯ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ; ರಾಜ್ಯದಲ್ಲೆಲ್ಲ ಅವುಗಳ ಸಂಖ್ಯೆ ಆರು ಸಾವಿರವನ್ನು ಮೀರಿದೆ. ಇದು ಮೆಚ್ಚತಕ್ಕ ಕಾರ್ಯ. ಆದರೆ ಪಂಚಾಯತಿಗಳನ್ನು ರಚಿಸುವುದು ಜನಸಂಖ್ಯೆಯನ್ನು ನೋಡಿ, ಮಳೆಯನ್ನು ನೋಡಿ ಅಲ್ಲ. ಜನ ವಿರಳವಾದ ಜೋಯಿಡಾದಲ್ಲಿ ಒಂದೊಂದು ಪಂಚಾಯತಿ ಬೆಟ್ಟಗಳಾಚೆಗೆ ಚಾಚಿಕೊಂಡಿದೆ. ಮಳೆ ಹೆಜ್ಜೆಹೆಜ್ಜೆಗೂ ಬದಲಾಗುವುದು ಅಲ್ಲಿಯೇ. ಜನ ಹೆಚ್ಚಿದ್ದಲ್ಲಿ ಮಾಪಕಗಳು ಒತ್ತಾಗಿವೆ, ಮಳೆ ಹೆಚ್ಚಿದ್ದಲ್ಲಿ ವಿರಳವಾಗಿವೆ. ಬರ್ಗರ್ ಮತ್ತು ಓಲಿಗರ್ ಅವರ ಪಾಠವನ್ನು ಗಣಕಯಂತ್ರದೊಳಗೆ ಮಾತ್ರವಲ್ಲದೆ ಕಾಡಿನೊಳಗೂ ಪ್ರಯೋಗಿಸಬೇಕಾಗಿದೆ: ಎಲ್ಲಿ ಬದಲಾವಣೆ ತೀವ್ರವೋ ಅಲ್ಲಿ ಇನ್ನೂ ಹತ್ತು ಮಾಪಕಗಳನ್ನು ನೆಡಬೇಕು.

ಎಲ್ಲವನ್ನೂ ಒಂದೇ ಸಮನೆ ಸೂಕ್ಷ್ಮವಾಗಿ ನೋಡುವ ಶಕ್ತಿ ಯಂತ್ರಕ್ಕೂ ಇಲ್ಲ, ಸರಕಾರಕ್ಕೂ ಇಲ್ಲ, ಸಂಸಾರವನ್ನು ತೂಗಿಸುವ ನಮಗೂ ಇಲ್ಲ. ಆದರೆ ಆ ನೆಪದಿಂದ ಎಲ್ಲವನ್ನೂ ಒರಟಾಗಿ ನೋಡಿ ಸುಮ್ಮನಿರುವುದು ತಕ್ಕದ್ದಲ್ಲ. ಒರಟು ಜಾಲ ಯಾವ ಊರನ್ನೂ ಬಿಡದಂತೆ ಎಲ್ಲ ಕಡೆಗೂ ಹಾಸಿರಬೇಕು. ಯಾವ ಮೂಲೆಯಿಂದ ಸುಳಿವು ಬಂದರೂ ಅಲ್ಲಿಗೆ ಸೂಕ್ಷ್ಮ ದೃಷ್ಟಿ ತಡವಿಲ್ಲದೆ ಹೋಗಬೇಕು. ಕೆಲಸ ಮುಗಿದ ಮೇಲೆ ಮತ್ತೊಂದು ಕಡೆಗೆ ಹೊರಡಲು ಸಿದ್ಧವಾಗಿರಬೇಕು. ಸಿದ್ದಿ ಹೆಂಗಸರು ಕೌದಿಯ ನಾಲ್ಕು ಮೂಲೆಗಳಿಗೂ ಚಿಕ್ಕ ಬಟ್ಟೆಯ ಮಡಿಕೆಯೊಂದನ್ನು ಹೂವಿನಂತೆ ಹೊಲಿದು ಸೇರಿಸದೆ ಕೌದಿ ಪೂರ್ಣವಾಯಿತೆಂದು ಒಪ್ಪುವುದಿಲ್ಲ. ನಡುವೆ ಎಷ್ಟೇ ಅಂದವಾದ ತೇಪೆಗಳಿದ್ದರೂ ಮೂಲೆ ಬರಿದಾಗಿರಬಾರದು. ಕಾಳಿಯ ಮಳೆಯನ್ನು ಲೆಕ್ಕ ಹಾಕುವವರೂ ಆ ಮೂಲೆಗಳನ್ನು ಮರೆಯದಿರಲಿ.